ರಾಬರ್ಟ್ ಲ್ಯಾಂಗರ್

ರಾಬರ್ಟ್ ಸ್ಯಾಮ್ಯುಯೆಲ್ ಲ್ಯಾಂಗರ್ (ಜನನ: 29 ಆಗಸ್ಟ್ 1948) ಅಮೆರಿಕದ ರಾಸಾಯನಿಕ ಇಂಜಿನಿಯರ್ ಹಾಗೂ ಜೈವಿಕ ವಸ್ತುಗಳ ಸಂಶೋಧಕರು. ಇವರು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) ಪ್ರಾಧ್ಯಾಪಕರಾಗಿದ್ದು, 2005ರಿಂದ ಆ ಸಂಸ್ಥೆಯ ಅತ್ಯುನ್ನತ ಬೋಧಕ ಪದವಿಯಾದ 'ಇನ್‌ಸ್ಟಿಟ್ಯೂಟ್ ಪ್ರೊಫೆಸರ್' ಸ್ಥಾನವನ್ನು ಹೊಂದಿದ್ದಾರೆ. ಪಾಲಿಮರ್‌ಗಳ ಮೂಲಕ ಔಷಧವನ್ನು ದೇಹದೊಳಗೆ ನಿಧಾನವಾಗಿ ಬಿಡುಗಡೆ ಮಾಡುವ ವಿಧಾನ ಮತ್ತು ಅಂಗಾಂಶ ಇಂಜಿನಿಯರಿಂಗ್ ಎಂಬ ಎರಡು ಕ್ಷೇತ್ರಗಳ ಬೆಳವಣಿಗೆಯಲ್ಲಿ ಇವರ ಪಾತ್ರ ದೊಡ್ಡದು. ಇವರ ಹೆಸರಿನಲ್ಲಿ 1,500ಕ್ಕೂ ಹೆಚ್ಚು ವೈಜ್ಞಾನಿಕ ಲೇಖನಗಳು ಪ್ರಕಟವಾಗಿವೆ. ಗೂಗಲ್ ಸ್ಕಾಲರ್‌ನ ಲೆಕ್ಕದಂತೆ ಈ ಲೇಖನಗಳಿಗೆ ದೊರೆತ ಉಲ್ಲೇಖಗಳು 4 ಲಕ್ಷವನ್ನು ದಾಟಿದ್ದು, ಇವರ ಎಚ್-ಸೂಚ್ಯಂಕ 300ಕ್ಕಿಂತ ಹೆಚ್ಚಾಗಿದೆ. ಈ ಕಾರಣದಿಂದ ಇವರನ್ನು ಇತಿಹಾಸದಲ್ಲೇ ಅತಿ ಹೆಚ್ಚು ಉಲ್ಲೇಖಿತರಾದ ಇಂಜಿನಿಯರ್ ಎಂದು ಗುರುತಿಸಲಾಗುತ್ತದೆ. ಜೈವಿಕ ತಂತ್ರಜ್ಞಾನ ಕಂಪನಿ ಮಾಡರ್ನಾದ ಸಹಸಂಸ್ಥಾಪಕರಲ್ಲಿ ಇವರೂ ಒಬ್ಬರು.

ಜೀವನ ಮತ್ತು ಶಿಕ್ಷಣ

ಲ್ಯಾಂಗರ್ ಅವರು ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದಲ್ಲಿ ಜನಿಸಿದರು. 1970ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ರಾಸಾಯನಿಕ ಇಂಜಿನಿಯರಿಂಗ್‌ನಲ್ಲಿ ಪದವಿ ಪಡೆದು, 1974ರಲ್ಲಿ ಎಂಐಟಿಯಿಂದ ಡಾಕ್ಟರೇಟ್ ಪಡೆದರು. 1973ರ ತೈಲ ಬಿಕ್ಕಟ್ಟಿನ ನಂತರದ ಆ ದಿನಗಳಲ್ಲಿ ರಾಸಾಯನಿಕ ಇಂಜಿನಿಯರ್‌ಗಳಿಗೆ ತೈಲ ಕಂಪನಿಗಳಲ್ಲಿ ಭಾರಿ ಬೇಡಿಕೆ ಇತ್ತು. ಇವರಿಗೂ ಅಂಥ ಹಲವು ಉದ್ಯೋಗಗಳ ಆಹ್ವಾನ ಬಂದಿತ್ತು. ಅವುಗಳನ್ನು ಬಿಟ್ಟು ಇವರು ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಅವರ ಪ್ರಯೋಗಾಲಯವನ್ನು ಸೇರಿದರು.

ಕ್ಯಾನ್ಸರ್ ಗಡ್ಡೆಯು ಬೆಳೆಯಬೇಕಾದರೆ ಹೊಸ ರಕ್ತನಾಳಗಳನ್ನು ತನ್ನತ್ತ ಸೆಳೆದುಕೊಳ್ಳಬೇಕು. ಆ ರಕ್ತನಾಳಗಳನ್ನು ತಡೆದರೆ ಗಡ್ಡೆಯ ಬೆಳವಣಿಗೆಯನ್ನೂ ತಡೆಯಬಹುದು ಎಂಬ ವಾದವನ್ನು ಫೋಕ್‌ಮನ್ 1971ರಲ್ಲಿ ಮಂಡಿಸಿದ್ದರು. ಅಂದಿನ ಬಹುತೇಕ ವಿಜ್ಞಾನಿಗಳು ಇದನ್ನು ಒಪ್ಪಿರಲಿಲ್ಲ. ರಕ್ತನಾಳಗಳನ್ನು ತಡೆಯುವ ವಸ್ತುವೊಂದನ್ನು ಹುಡುಕುವ ಕೆಲಸ ಲ್ಯಾಂಗರ್ ಅವರ ಪಾಲಿಗೆ ಬಂದಿತು. ಮೃದ್ವಸ್ಥಿಯಲ್ಲಿ ರಕ್ತನಾಳಗಳು ಇರುವುದಿಲ್ಲವಾದ್ದರಿಂದ ಅಂಥ ವಸ್ತು ಅದರಲ್ಲಿಯೇ ಇರಬಹುದೆಂಬ ಊಹೆಯ ಮೇಲೆ ಅವರು ಕಸಾಯಿಖಾನೆಯಿಂದ ದನದ ಮೂಳೆಗಳನ್ನು ತಂದು, ಅವುಗಳ ಮೃದ್ವಸ್ಥಿಯನ್ನು ಕೆರೆದು ಸಾರ ತೆಗೆದು ಪರೀಕ್ಷಿಸುತ್ತಿದ್ದರು. ಗಡ್ಡೆಯ ರಕ್ತನಾಳಗಳನ್ನು ತಡೆಯುವ ಅಂಶವನ್ನು ಮೃದ್ವಸ್ಥಿಯಿಂದ ಬೇರ್ಪಡಿಸಿದ ವಿವರವು 1976ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

1970ರ ದಶಕದ ಕೊನೆಯಲ್ಲಿ ಲ್ಯಾಂಗರ್ ಎಂಐಟಿಯ ಬೋಧಕ ವರ್ಗವನ್ನು ಸೇರಿದರು. ಅವರು ಸೇರಿದ್ದು ರಾಸಾಯನಿಕ ಇಂಜಿನಿಯರಿಂಗ್ ವಿಭಾಗವನ್ನಲ್ಲ, ಪೌಷ್ಟಿಕತೆ ಮತ್ತು ಆಹಾರ ವಿಜ್ಞಾನ ವಿಭಾಗವನ್ನು. ಆರಂಭದಲ್ಲಿ ಅವರು ಸಲ್ಲಿಸಿದ ಒಂಬತ್ತು ಅನುದಾನ ಅರ್ಜಿಗಳು ಒಂದರ ಹಿಂದೆ ಒಂದರಂತೆ ತಿರಸ್ಕೃತವಾದವು. ಬೇರೆ ಕೆಲಸ ನೋಡಿಕೊಳ್ಳುವಂತೆ ವಿಭಾಗದ ಹಿರಿಯರು ಸಲಹೆ ನೀಡಿದ್ದರೆಂದೂ ಅವರು ಮುಂದೆ ಹಲವು ಸಂದರ್ಭಗಳಲ್ಲಿ ಸ್ಮರಿಸಿದ್ದಾರೆ.

ಪ್ರಮುಖ ಪ್ರಕಟಣೆಗಳು

1976ರ 'ನೇಚರ್' ಲೇಖನ

ಮೃದ್ವಸ್ಥಿಯ ಸಾರವನ್ನು ಪರೀಕ್ಷಿಸುವಾಗ ಒಂದು ಪ್ರಾಯೋಗಿಕ ತೊಡಕು ಎದುರಾಯಿತು. ಸಾರದಲ್ಲಿನ ಪ್ರೋಟೀನುಗಳು ದೇಹದಲ್ಲಿ ಬೇಗನೆ ನಾಶವಾಗುತ್ತಿದ್ದವು. ರಕ್ತನಾಳಗಳ ಬೆಳವಣಿಗೆಯನ್ನು ಗಮನಿಸಲು ಮಾತ್ರ ವಾರಗಟ್ಟಲೆ ಕಾಲ ಬೇಕಾಗಿತ್ತು. ಪ್ರೋಟೀನನ್ನು ಸ್ವಲ್ಪಸ್ವಲ್ಪವಾಗಿ, ದೀರ್ಘಕಾಲ ಹೊರಬಿಡುವ ಆಸರೆಯೊಂದು ಅಗತ್ಯವಾಯಿತು. ಪಾಲಿಮರ್ ಮೂಲಕ ಸಣ್ಣ ಅಣುಗಳು ಮಾತ್ರ ಸಾಗಬಲ್ಲವು, ಪ್ರೋಟೀನಿನಂಥ ದೊಡ್ಡ ಅಣುಗಳು ಸಾಗಲಾರವು ಎಂಬುದು ಆ ಕಾಲದ ಸಾಮಾನ್ಯ ತಿಳಿವಳಿಕೆಯಾಗಿತ್ತು.

ಲ್ಯಾಂಗರ್ ಮತ್ತು ಫೋಕ್‌ಮನ್ ಪ್ರೋಟೀನಿನ ಪುಡಿಯನ್ನು ಪಾಲಿಮರ್ ದ್ರಾವಣದಲ್ಲಿ ಬೆರೆಸಿ, ಅಚ್ಚಿಗೆ ಹೊಯ್ದು ಒಣಗಿಸಿದರು. ಪುಡಿಯ ಕಣಗಳು ಪಾಲಿಮರ್‌ನೊಳಗೆ ಒಂದಕ್ಕೊಂದು ತಗುಲಿಕೊಂಡು ಅಂಕುಡೊಂಕಾದ ಸೂಕ್ಷ್ಮ ಹಾದಿಗಳು ಉಂಟಾಗುತ್ತಿದ್ದವು. ನೀರು ಒಳಸೇರಿದಂತೆ ಪ್ರೋಟೀನು ಕರಗಿ ಆ ಹಾದಿಗಳ ಮೂಲಕ ಬಹಳ ನಿಧಾನವಾಗಿ ಹೊರಬರುತ್ತಿತ್ತು. ಈ ರೀತಿಯ ಬಿಡುಗಡೆ ನೂರು ದಿನಗಳಿಗೂ ಹೆಚ್ಚು ಕಾಲ ಸಾಧ್ಯವೆಂದು ಅವರು ತೋರಿಸಿದರು. 1976ರ ಅಕ್ಟೋಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಈ ನಾಲ್ಕು ಪುಟಗಳ ಲೇಖನವನ್ನು ನಿಯಂತ್ರಿತ ಔಷಧ ಬಿಡುಗಡೆಯ ಕ್ಷೇತ್ರದ ಮೂಲ ಬರಹಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. ಅದೇ ವರ್ಷ ಪಾಲಿಮರ್ ತಜ್ಞರ ಸಭೆಯೊಂದರಲ್ಲಿ ಲ್ಯಾಂಗರ್ ಇದನ್ನು ಮಂಡಿಸಿದಾಗ ಸಭಿಕರಲ್ಲಿ ಹಲವರು ನಂಬಲು ಸಿದ್ಧರಿರಲಿಲ್ಲ.

ಪಾಲಿಅನ್‌ಹೈಡ್ರೈಡ್‌ಗಳು

ದೇಹದೊಳಗೆ ತಾವೇ ಕರಗುವ ಪಾಲಿಮರ್‌ಗಳು ಸಾಮಾನ್ಯವಾಗಿ ಒಳಗೂ ಹೊರಗೂ ಒಟ್ಟಿಗೆ ಸಡಿಲಗೊಂಡು ಕುಸಿಯುತ್ತವೆ. ಹಾಗಾದಾಗ ಔಷಧವು ಒಮ್ಮೆಲೇ ಹೊರಬಿದ್ದು ಅಪಾಯವಾಗಬಹುದು. ಸೋಪಿನ ಬಿಲ್ಲೆಯಂತೆ ಮೇಲ್ಮೈಯಿಂದ ಮಾತ್ರ ಸವೆಯುವ ಪಾಲಿಮರ್ ಇದ್ದರೆ ಬಿಡುಗಡೆ ಒಂದೇ ಸಮನಾಗಿರುತ್ತದೆ. ಈ ಗುಣಕ್ಕಾಗಿ ಪಾಲಿಅನ್‌ಹೈಡ್ರೈಡ್‌ಗಳನ್ನು ಆಯ್ದುಕೊಂಡ ಲ್ಯಾಂಗರ್ ತಂಡದ ಲೇಖನ 1983ರಲ್ಲಿ 'ಬಯೋಮೆಟೀರಿಯಲ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ನರಶಸ್ತ್ರವೈದ್ಯ ಹೆನ್ರಿ ಬ್ರೆಮ್ ಅವರೊಂದಿಗೆ ಸೇರಿ ಈ ವಸ್ತುವನ್ನು ಮಿದುಳಿನ ಕ್ಯಾನ್ಸರಿಗೆ ಅಳವಡಿಸಲಾಯಿತು. ಗಡ್ಡೆಯನ್ನು ತೆಗೆದ ಜಾಗದಲ್ಲಿ ಕಾರ್ಮಸ್ಟಿನ್ ಔಷಧವುಳ್ಳ ತೆಳುವಾದ ಬಿಲ್ಲೆಗಳನ್ನು ಇಡುವುದು ಈ ಚಿಕಿತ್ಸೆಯ ಕ್ರಮ. ಔಷಧವು ಇಡೀ ದೇಹವನ್ನು ಹಾಯದೆ ಬೇಕಾದ ಸ್ಥಳದಲ್ಲಿಯೇ ಕೆಲಸ ಮಾಡುತ್ತದೆ. ಮರುಕಳಿಸಿದ ಗಡ್ಡೆಯಿದ್ದ 222 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1995ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧವಿದ್ದ ಬಿಲ್ಲೆ ಪಡೆದವರ ಮಧ್ಯಕ ಬದುಕುಳಿವು 31 ವಾರಗಳಷ್ಟಿದ್ದರೆ, ಔಷಧವಿಲ್ಲದ ಬಿಲ್ಲೆ ಪಡೆದವರದು 23 ವಾರಗಳಷ್ಟಿತ್ತು. 1996ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಗ್ಲಿಯಾಡೆಲ್ ಎಂಬ ಹೆಸರಿನ ಈ ಚಿಕಿತ್ಸೆಗೆ ಅನುಮತಿ ನೀಡಿತು. ಮಿದುಳಿನ ಕ್ಯಾನ್ಸರಿಗೆ ಎರಡು ದಶಕಗಳಿಗೂ ಹೆಚ್ಚು ಕಾಲದ ನಂತರ ಅನುಮತಿ ಪಡೆದ ಮೊದಲ ಹೊಸ ಚಿಕಿತ್ಸೆ ಇದಾಗಿತ್ತು.

1993ರ 'ಸೈನ್ಸ್' ಲೇಖನ: ಅಂಗಾಂಶ ಇಂಜಿನಿಯರಿಂಗ್

ಮಕ್ಕಳ ಶಸ್ತ್ರವೈದ್ಯರಾಗಿದ್ದ ಜೋಸೆಫ್ ವಕಾಂಟಿ ಅವರು ಯಕೃತ್ತಿನ ಕಸಿಗಾಗಿ ಕಾಯುತ್ತಿದ್ದ ಮಕ್ಕಳನ್ನು ನೋಡುತ್ತಿದ್ದರು. ದಾನಿಗಳ ಕೊರತೆ ತೀವ್ರವಾಗಿತ್ತು. ಕರಗುವ ಪಾಲಿಮರ್‌ನಿಂದ ರಂಧ್ರಮಯ ಹಂದರವನ್ನು ರಚಿಸಿ, ಅದರ ಮೇಲೆ ಜೀವಕೋಶಗಳನ್ನು ಬೆಳೆಸಿದರೆ ಕಾಲಕ್ರಮದಲ್ಲಿ ಹಂದರ ಕರಗಿ ಅಂಗಾಂಶ ಉಳಿಯಬಹುದು ಎಂಬ ದಿಕ್ಕಿನಲ್ಲಿ ಲ್ಯಾಂಗರ್ ಮತ್ತು ವಕಾಂಟಿ 1980ರ ದಶಕದಲ್ಲಿ ಕೆಲಸ ಆರಂಭಿಸಿದರು.

1993ರ ಮೇ ತಿಂಗಳಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇಬ್ಬರೂ ಸೇರಿ ಬರೆದ ಅವಲೋಕನ ಲೇಖನವು ಈ ಕ್ಷೇತ್ರಕ್ಕೆ ಖಚಿತ ರೂಪವನ್ನು ಕೊಟ್ಟಿತು. ಇಂಜಿನಿಯರಿಂಗ್ ಮತ್ತು ಜೀವವಿಜ್ಞಾನಗಳ ತತ್ತ್ವಗಳನ್ನು ಬಳಸಿ ದೇಹದ ಅಂಗಾಂಶದ ಕೆಲಸವನ್ನು ಮರಳಿ ತರುವ, ಕಾಪಾಡುವ ಅಥವಾ ಉತ್ತಮಪಡಿಸುವ ಜೈವಿಕ ಬದಲಿಗಳನ್ನು ರೂಪಿಸುವುದು ಅಂಗಾಂಶ ಇಂಜಿನಿಯರಿಂಗ್‌ನ ಗುರಿ ಎಂದು ಲೇಖನವು ವಿವರಿಸುತ್ತದೆ. ಚರ್ಮ, ಮೃದ್ವಸ್ಥಿ, ಮೂಳೆ, ಯಕೃತ್ತು, ನರ ಮೊದಲಾದವುಗಳಲ್ಲಿ ಅದುವರೆಗೆ ನಡೆದ ಪ್ರಯತ್ನಗಳನ್ನು ಒಂದೇ ಚೌಕಟ್ಟಿನಲ್ಲಿ ಜೋಡಿಸಿ ತೋರಿಸಿದ್ದು ಇದರ ವೈಶಿಷ್ಟ್ಯ. ಹತ್ತು ಸಾವಿರಕ್ಕೂ ಹೆಚ್ಚು ಉಲ್ಲೇಖಗಳನ್ನು ಪಡೆದಿರುವ ಈ ಲೇಖನವು ಲ್ಯಾಂಗರ್ ಅವರ ಅತಿ ಹೆಚ್ಚು ಉಲ್ಲೇಖಿತ ಬರಹಗಳ ಸಾಲಿನಲ್ಲಿದೆ.

ಇತರ ಲೇಖನಗಳು

* 1990, 'ಸೈನ್ಸ್': ಔಷಧ ವಿತರಣೆಯ ಹೊಸ ವಿಧಾನಗಳನ್ನು ಕುರಿತ ಅವಲೋಕನ ಲೇಖನ.
* 1994, 'ಸೈನ್ಸ್': ರಕ್ತದಲ್ಲಿ ದೀರ್ಘಕಾಲ ಸಂಚರಿಸಬಲ್ಲ, ಕರಗುವ ಪಾಲಿಮರ್ ನ್ಯಾನೋಗೋಳಗಳು. ಕಣಗಳ ಮೇಲ್ಮೈಗೆ ಪಾಲಿಎಥಿಲೀನ್ ಗ್ಲೈಕಾಲ್ ಹೊದಿಸಿ, ಯಕೃತ್ತು ಅವುಗಳನ್ನು ಕೂಡಲೇ ಹೀರಿಕೊಳ್ಳದಂತೆ ಮಾಡಲಾಯಿತು.
* 1995, 'ಸೈನ್ಸ್': ಶ್ರವಣಾತೀತ ಧ್ವನಿಯ ನೆರವಿನಿಂದ ಚರ್ಮದ ಮೂಲಕ ಪ್ರೋಟೀನನ್ನು ದೇಹಕ್ಕೆ ಸೇರಿಸುವ ವಿಧಾನ. ಭಾರತ ಮೂಲದ ಸಂಶೋಧಕ ಸಮೀರ್ ಮಿತ್ರಗೋತ್ರಿ ಇದರ ಮೊದಲ ಲೇಖಕರು.
* 1999, 'ನೇಚರ್': ಔಷಧವನ್ನು ಸಣ್ಣ ಕುಳಿಗಳಲ್ಲಿ ತುಂಬಿ, ವಿದ್ಯುತ್ ಸಂಕೇತದಿಂದ ಬೇಕೆಂದಾಗ ಬಿಡುಗಡೆ ಮಾಡುವ ಮೈಕ್ರೋಚಿಪ್. ಮೂಳೆ ಸವೆತವಿದ್ದ ಮಹಿಳೆಯರಲ್ಲಿ ಇಂಥ ಸಾಧನವನ್ನು ಮೊದಲ ಬಾರಿಗೆ ಪರೀಕ್ಷಿಸಿದ ವರದಿ ಬಂದದ್ದು 2012ರಲ್ಲಿ.
* 2002, 'ಸೈನ್ಸ್': ದೇಹದ ಉಷ್ಣತೆಯಲ್ಲಿ ಪೂರ್ವನಿಶ್ಚಿತ ಆಕಾರಕ್ಕೆ ಮರಳುವ, ಕರಗುವ ಪಾಲಿಮರ್‌ಗಳು. ಆಂಡ್ರಿಯಾಸ್ ಲೆಂಡ್ಲೈನ್ ಸಹಲೇಖಕರು.
* 2007, 'ನೇಚರ್ ನ್ಯಾನೋಟೆಕ್ನಾಲಜಿ': ಕ್ಯಾನ್ಸರ್ ಚಿಕಿತ್ಸೆಗೆ ನ್ಯಾನೋವಾಹಕಗಳನ್ನು ಕುರಿತ ಅವಲೋಕನ ಲೇಖನ. ಇದೂ ಅತಿ ಹೆಚ್ಚು ಉಲ್ಲೇಖ ಪಡೆದ ಬರಹಗಳಲ್ಲೊಂದು.
* 2008, 'ನೇಚರ್ ಬಯೋಟೆಕ್ನಾಲಜಿ': ಆರ್‌ಎನ್‌ಎ ಔಷಧಗಳನ್ನು ಜೀವಕೋಶಕ್ಕೆ ಮುಟ್ಟಿಸಲು 1,200ಕ್ಕೂ ಹೆಚ್ಚು ಲಿಪಿಡ್ ಸದೃಶ ಅಣುಗಳನ್ನು ತಯಾರಿಸಿ ಪರೀಕ್ಷಿಸಿದ ಅಧ್ಯಯನ.

ಇವಲ್ಲದೆ ರಾಬರ್ಟ್ ಲಾಂಜಾ ಮತ್ತು ಜೋಸೆಫ್ ವಕಾಂಟಿ ಅವರೊಂದಿಗೆ ಸಂಪಾದಿಸಿದ ಅಂಗಾಂಶ ಇಂಜಿನಿಯರಿಂಗ್ ತತ್ತ್ವಗಳ ಕುರಿತ ಗ್ರಂಥವು ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗಿ ಬಳಕೆಯಲ್ಲಿದ್ದು, ಹಲವು ಆವೃತ್ತಿಗಳನ್ನು ಕಂಡಿದೆ.

ಉಲ್ಲೇಖ ಪ್ರಭಾವ

ಉಲ್ಲೇಖಗಳ ಎಣಿಕೆ

ಒಂದು ವೈಜ್ಞಾನಿಕ ಲೇಖನವು ಇನ್ನೊಂದನ್ನು ಆಧಾರವಾಗಿ ಹೆಸರಿಸುವುದೇ ಉಲ್ಲೇಖ. ಉಲ್ಲೇಖಗಳ ಸೂಚಿಯೊಂದನ್ನು ರೂಪಿಸುವ ಪ್ರಸ್ತಾಪವನ್ನು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟರು. ಅದರಂತೆ 1964ರಲ್ಲಿ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಪ್ರಕಟವಾಯಿತು. ಇಂದು ವೆಬ್ ಆಫ್ ಸೈನ್ಸ್, ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಈ ಕೆಲಸವನ್ನು ಮಾಡುತ್ತಿವೆ. ಗೂಗಲ್ ಸ್ಕಾಲರ್ ಪುಸ್ತಕ, ಮಹಾಪ್ರಬಂಧ, ಸಮ್ಮೇಳನ ಪತ್ರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಅದರ ಅಂಕಿಗಳು ಉಳಿದೆರಡಕ್ಕಿಂತ ಸಾಮಾನ್ಯವಾಗಿ ಹೆಚ್ಚಿರುತ್ತವೆ. ಆದ್ದರಿಂದ ಒಬ್ಬ ಸಂಶೋಧಕರ ಉಲ್ಲೇಖ ಸಂಖ್ಯೆಯನ್ನು ಹೇಳುವಾಗ ಅದು ಯಾವ ಸಂಗ್ರಹದ್ದೆಂದು ತಿಳಿಸುವುದು ಅವಶ್ಯ.

ಎಚ್-ಸೂಚ್ಯಂಕ

ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಅಳತೆಯೇ ಎಚ್-ಸೂಚ್ಯಂಕ. ಒಬ್ಬರ ಲೇಖನಗಳ ಪೈಕಿ ಎಷ್ಟು ಲೇಖನಗಳಿಗೆ ತಲಾ ಕನಿಷ್ಠ ಅಷ್ಟೇ ಸಂಖ್ಯೆಯ ಉಲ್ಲೇಖಗಳು ದೊರೆತಿವೆಯೋ ಆ ಗರಿಷ್ಠ ಸಂಖ್ಯೆ ಅವರ ಎಚ್-ಸೂಚ್ಯಂಕವಾಗುತ್ತದೆ. ಉದಾಹರಣೆಗೆ, ಐದು ಲೇಖನಗಳಿಗೆ ಕ್ರಮವಾಗಿ 40, 22, 9, 4 ಮತ್ತು 1 ಉಲ್ಲೇಖಗಳು ದೊರೆತಿದ್ದರೆ ಸೂಚ್ಯಂಕ 4. ಮೊದಲ ಲೇಖನದ ಉಲ್ಲೇಖಗಳು 40ರಿಂದ 4,000ಕ್ಕೆ ಏರಿದರೂ ಸೂಚ್ಯಂಕ 4 ಆಗಿಯೇ ಉಳಿಯುತ್ತದೆ. ಅಂದರೆ ಒಂದೆರಡು ಪ್ರಸಿದ್ಧ ಲೇಖನಗಳಿಂದ ಈ ಅಂಕಿ ಏರುವುದಿಲ್ಲ. ಸತತವಾದ ಪ್ರಕಟಣೆ ಬೇಕಾಗುತ್ತದೆ.

ಲ್ಯಾಂಗರ್ ಅವರ ಸೂಚ್ಯಂಕ 300ನ್ನು ಮೀರಿದೆ ಎಂದರೆ ಅವರ ಕನಿಷ್ಠ 300 ಲೇಖನಗಳು ತಲಾ 300 ಅಥವಾ ಅದಕ್ಕಿಂತ ಹೆಚ್ಚು ಉಲ್ಲೇಖಗಳನ್ನು ಪಡೆದಿವೆ ಎಂದರ್ಥ. ಇಷ್ಟಕ್ಕೆ 90,000 ಉಲ್ಲೇಖಗಳು ಸಾಕು. ಒಟ್ಟು ಉಲ್ಲೇಖಗಳು ಇದರ ನಾಲ್ಕು ಪಟ್ಟಿಗಿಂತ ಹೆಚ್ಚಿರುವುದರಿಂದ ಸೂಚ್ಯಂಕದ ಲೆಕ್ಕಕ್ಕೆ ಬಾರದ ಉಲ್ಲೇಖಗಳೇ ಹೆಚ್ಚಿನವು ಎಂಬುದು ತಿಳಿಯುತ್ತದೆ.

ಪ್ರಭಾವಕ್ಕೆ ಕಾರಣಗಳು

ಲ್ಯಾಂಗರ್ ಅವರ ಲೇಖನಗಳಿಗೆ ಇಷ್ಟು ಉಲ್ಲೇಖಗಳು ದೊರೆಯಲು ಹಲವು ಕಾರಣಗಳಿವೆ. ಅವರ ವಿಷಯಗಳು ರಸಾಯನಶಾಸ್ತ್ರ, ವಸ್ತುವಿಜ್ಞಾನ, ಕೋಶವಿಜ್ಞಾನ, ಔಷಧಶಾಸ್ತ್ರ ಮತ್ತು ಶಸ್ತ್ರಚಿಕಿತ್ಸೆಗಳ ನಡುವೆ ಹರಡಿಕೊಂಡಿರುವುದರಿಂದ ಅಷ್ಟೂ ಕ್ಷೇತ್ರಗಳ ಲೇಖಕರು ಅವುಗಳನ್ನು ಹೆಸರಿಸುತ್ತಾರೆ. ಔಷಧ ವಿತರಣೆ ಮತ್ತು ಅಂಗಾಂಶ ಇಂಜಿನಿಯರಿಂಗ್ ಎರಡೂ 1990ರ ನಂತರ ವೇಗವಾಗಿ ಬೆಳೆದವು. ಕ್ಷೇತ್ರದ ಆರಂಭದಲ್ಲಿ ಬಂದ ಬರಹಗಳನ್ನು ಹೊಸಬರು ತಮ್ಮ ಪೀಠಿಕೆಯಲ್ಲಿ ಸೇರಿಸುವುದು ವಾಡಿಕೆಯಾಯಿತು.

ಪ್ರಯೋಗಾಲಯದ ಗಾತ್ರವೂ ಮುಖ್ಯವಾದ ಕಾರಣ. ಸುಮಾರು ಐದು ದಶಕಗಳಲ್ಲಿ 1,500 ಲೇಖನಗಳು ಎಂದರೆ ವರ್ಷಕ್ಕೆ ಸರಾಸರಿ 30. ಇದು ಒಬ್ಬರ ಲೇಖನಿಯಿಂದ ಆಗುವ ಕೆಲಸವಲ್ಲ. ನೂರಕ್ಕೂ ಹೆಚ್ಚು ಸಂಶೋಧಕರು ಒಟ್ಟಿಗೆ ಕೆಲಸ ಮಾಡಿದ ಲ್ಯಾಂಗರ್ ಪ್ರಯೋಗಾಲಯವು ವಿಶ್ವವಿದ್ಯಾಲಯಗಳ ಜೈವಿಕ ವೈದ್ಯಕೀಯ ಪ್ರಯೋಗಾಲಯಗಳಲ್ಲಿ ಅತಿ ದೊಡ್ಡವುಗಳ ಸಾಲಿಗೆ ಸೇರುತ್ತದೆ. ಲಿಂಡಾ ಗ್ರಿಫಿತ್, ಕ್ರಿಸ್ಟಿ ಆನ್ಸೆತ್, ಕೇಟೋ ಲಾರೆನ್ಸಿನ್, ಸಮೀರ್ ಮಿತ್ರಗೋತ್ರಿ, ಒಮಿದ್ ಫರೋಖ್‌ಜಾದ್ ಮೊದಲಾದವರು ಇಲ್ಲಿ ತರಬೇತಿ ಪಡೆದು ಮುಂದೆ ಸ್ವತಂತ್ರವಾಗಿ ಹೆಸರು ಮಾಡಿದರು. ಅವರ ಸ್ವಂತ ಪ್ರಯೋಗಾಲಯಗಳ ಬರಹಗಳೂ ಮೂಲ ಪ್ರಯೋಗಾಲಯದ ಲೇಖನಗಳನ್ನು ಉಲ್ಲೇಖಿಸುತ್ತವೆ.

ಅಳತೆಯ ಮಿತಿಗಳು

ಲ್ಯಾಂಗರ್ ಅವರ ದಾಖಲೆಯು ಉಲ್ಲೇಖ ಸಂಖ್ಯೆಗಳು ಏನನ್ನು ತೋರಿಸುತ್ತವೆ, ಏನನ್ನು ತೋರಿಸುವುದಿಲ್ಲ ಎಂಬ ಚರ್ಚೆಗೂ ಉತ್ತಮ ನಿದರ್ಶನವಾಗಿದೆ.

ಮೊದಲನೆಯದಾಗಿ, ಅವಲೋಕನ ಲೇಖನಗಳಿಗೆ ಮೂಲ ಪ್ರಯೋಗಗಳ ವರದಿಗಿಂತ ಹೆಚ್ಚು ಉಲ್ಲೇಖಗಳು ದೊರೆಯುತ್ತವೆ. ದೊಡ್ಡ ಅಣುಗಳನ್ನು ಪಾಲಿಮರ್ ಮೂಲಕ ನಿಧಾನವಾಗಿ ಹೊರಬಿಡಬಹುದೆಂದು ಸಾಬೀತುಪಡಿಸಿದ 1976ರ ಲೇಖನಕ್ಕೆ ದೊರೆತ ಉಲ್ಲೇಖಗಳು 1993ರ ಅವಲೋಕನ ಲೇಖನದವುಗಳಿಗಿಂತ ಬಹಳ ಕಡಿಮೆ. ಮೂಲ ಶೋಧವು ಕ್ಷೇತ್ರದ ಸಾಮಾನ್ಯ ಜ್ಞಾನವಾಗಿಬಿಟ್ಟರೆ ಅದನ್ನು ಯಾರೂ ಹೆಸರಿಸಬೇಕಾಗಿಲ್ಲ ಎಂಬ ಸ್ಥಿತಿ ಬರುತ್ತದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಈ ವಿದ್ಯಮಾನವನ್ನು ಗುರುತಿಸಿದ್ದರು.

ಎರಡನೆಯದಾಗಿ, ಎಚ್-ಸೂಚ್ಯಂಕವು ಸಹಲೇಖಕರ ಸಂಖ್ಯೆಯನ್ನಾಗಲಿ, ಲೇಖಕರ ಸಾಲಿನಲ್ಲಿ ವ್ಯಕ್ತಿಯ ಸ್ಥಾನವನ್ನಾಗಲಿ ಪರಿಗಣಿಸುವುದಿಲ್ಲ. ಪ್ರಯೋಗ ನಡೆಸಿದ ವಿದ್ಯಾರ್ಥಿಗೂ ಪ್ರಯೋಗಾಲಯದ ಮುಖ್ಯಸ್ಥರಿಗೂ ಒಂದೇ ಲೆಕ್ಕ ಸಲ್ಲುತ್ತದೆ. ಈ ಕೊರತೆಯನ್ನು ಸರಿಪಡಿಸಲು ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ವಿಜ್ಞಾನಿಗಳ ಪಟ್ಟಿಯಲ್ಲಿ ಸಹಲೇಖನ ಮತ್ತು ಲೇಖಕಸ್ಥಾನಗಳನ್ನು ಒಳಗೊಂಡ ಆರು ಅಳತೆಗಳ ಸಂಯುಕ್ತ ಅಂಕವನ್ನು ಬಳಸಲಾಯಿತು.

ಮೂರನೆಯದಾಗಿ, ಉಲ್ಲೇಖ ಪದ್ಧತಿ ಕ್ಷೇತ್ರದಿಂದ ಕ್ಷೇತ್ರಕ್ಕೆ ಬೇರೆ. ಜೈವಿಕ ವೈದ್ಯಕೀಯ ಲೇಖನಗಳ ಆಧಾರಪಟ್ಟಿ ಉದ್ದವಾಗಿರುತ್ತದೆ. ಗಣಿತದಲ್ಲಿ ಅದು ಚಿಕ್ಕದು. ಹೀಗಾಗಿ ಎರಡು ಕ್ಷೇತ್ರಗಳ ಸಂಶೋಧಕರ ಸೂಚ್ಯಂಕಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ.

ನಾಲ್ಕನೆಯದಾಗಿ, ಈ ಎಣಿಕೆಗಳು ಕಾಲಕ್ಕಿಂತ ಹಿಂದೆ ಉಳಿಯುತ್ತವೆ. 1970ರ ದಶಕದ ಕೊನೆಯಲ್ಲಿ ಒಂಬತ್ತು ಅರ್ಜಿಗಳು ತಿರಸ್ಕೃತವಾದಾಗ, ಇಂದು ಉಲ್ಲೇಖಗಳ ಮೂಲಕ ಮಹತ್ವ ಪಡೆದಿರುವ ಸಂಶೋಧನೆಯು ಆಗಲೇ ಪ್ರಕಟವಾಗಿತ್ತು. ಅನುದಾನ ಅಥವಾ ನೇಮಕಾತಿಯನ್ನು ಅಂಕಿಗಳಿಂದಲೇ ನಿರ್ಧರಿಸುವುದರ ಅಪಾಯ ಇದರಿಂದ ಸ್ಪಷ್ಟವಾಗುತ್ತದೆ. ಸಂಶೋಧನೆಯನ್ನು ಪತ್ರಿಕೆಯ ಪ್ರಭಾವಾಂಕದಿಂದ ಅಳೆಯಬಾರದೆಂದು 2013ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಒತ್ತಾಯಿಸಿತು. ಅಂಕಿಗಳು ತಜ್ಞರ ಪರಿಶೀಲನೆಗೆ ನೆರವಾಗಬೇಕೇ ಹೊರತು ಅದರ ಬದಲಿಗೆ ನಿಲ್ಲಬಾರದೆಂದು 2015ರ ಲೈಡನ್ ಪ್ರಣಾಳಿಕೆ ಹೇಳಿತು.

ಕೊನೆಯದಾಗಿ, ಉಲ್ಲೇಖಗಳು ವಿದ್ವಾಂಸರ ನಡುವಿನ ಬಳಕೆಯನ್ನು ಮಾತ್ರ ಅಳೆಯುತ್ತವೆ. ಮಿದುಳಿನ ಗಡ್ಡೆಯ ರೋಗಿಗಳಿಗೆ ದೊರೆತ ಎಂಟು ವಾರಗಳ ಹೆಚ್ಚುವರಿ ಬದುಕು ಯಾವ ಸೂಚ್ಯಂಕದಲ್ಲಿಯೂ ಕಾಣಿಸುವುದಿಲ್ಲ. ಹಾಗೆಯೇ ಸಾವಿರಾರು ಉಲ್ಲೇಖಗಳಿದ್ದರೂ ಅಂಗಾಂಶ ಇಂಜಿನಿಯರಿಂಗ್‌ನ ಆರಂಭಿಕ ಪ್ರೇರಣೆಯಾಗಿದ್ದ ಯಕೃತ್ತಿನಂಥ ಇಡೀ ಅಂಗವನ್ನು ಬೆಳೆಸಿ ಕಸಿ ಮಾಡುವುದು ರೂಢಿಯ ಚಿಕಿತ್ಸೆಯಾಗಿ ಬಂದಿಲ್ಲ.

ಪೇಟೆಂಟ್‌ಗಳು ಮತ್ತು ಉದ್ಯಮ

ಮಂಜೂರಾದವು ಹಾಗೂ ಪರಿಶೀಲನೆಯಲ್ಲಿರುವವು ಸೇರಿ ಲ್ಯಾಂಗರ್ ಅವರ ಹೆಸರಿನಲ್ಲಿ 1,400ಕ್ಕೂ ಹೆಚ್ಚು ಪೇಟೆಂಟ್‌ಗಳಿವೆ. ಇವುಗಳ ಬಳಕೆಯ ಪರವಾನಗಿಯನ್ನು 400ಕ್ಕೂ ಹೆಚ್ಚು ಔಷಧ, ರಾಸಾಯನಿಕ, ಜೈವಿಕ ತಂತ್ರಜ್ಞಾನ ಮತ್ತು ವೈದ್ಯಕೀಯ ಸಾಧನಗಳ ಕಂಪನಿಗಳು ಪಡೆದಿವೆ. 2010ರಲ್ಲಿ ಡೆರಿಕ್ ರೋಸಿ, ನೂಬಾರ್ ಅಫೆಯಾನ್ ಮೊದಲಾದವರೊಂದಿಗೆ ಇವರು ಸ್ಥಾಪಿಸಿದ ಮಾಡರ್ನಾ ಕಂಪನಿಯ ಎಂಆರ್‌ಎನ್‌ಎ ಕೋವಿಡ್-19 ಲಸಿಕೆಗೆ 2020ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ತುರ್ತು ಬಳಕೆಯ ಅನುಮತಿ ದೊರೆಯಿತು. ಸುಲಭವಾಗಿ ನಾಶವಾಗುವ ದೊಡ್ಡ ಅಣುವೊಂದನ್ನು ಸೂಕ್ತ ವಸ್ತುವಿನಲ್ಲಿರಿಸಿ ದೇಹದೊಳಗೆ ಕಾಪಾಡಿ ತಲುಪಿಸುವ ಪ್ರಶ್ನೆಯೇ ಈ ಲಸಿಕೆಯ ಹಿಂದೆಯೂ ಇತ್ತು. ಲಸಿಕೆಯಲ್ಲಿ ಆ ಕೆಲಸವನ್ನು ಲಿಪಿಡ್ ನ್ಯಾನೋಕಣಗಳು ಮಾಡುತ್ತವೆ. ಈ ಕಣಗಳ ಅಭಿವೃದ್ಧಿಯಲ್ಲಿ ಹಲವು ದೇಶಗಳ ಅನೇಕ ಸಂಶೋಧಕರ ಪಾಲಿದೆ.

ಲ್ಯಾಂಗರ್ 1995ರಿಂದ 2002ರವರೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನ ಮಂಡಳಿಯ ಸದಸ್ಯರಾಗಿದ್ದರು. 1999ರಿಂದ ಅದರ ಅಧ್ಯಕ್ಷರಾಗಿದ್ದರು.

ಪ್ರಶಸ್ತಿ ಮತ್ತು ಗೌರವಗಳು

1989ರಲ್ಲಿ ವೈದ್ಯಕೀಯ ಅಕಾಡೆಮಿಗೆ, 1992ರಲ್ಲಿ ರಾಷ್ಟ್ರೀಯ ಇಂಜಿನಿಯರಿಂಗ್ ಅಕಾಡೆಮಿ ಹಾಗೂ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳಿಗೆ ಲ್ಯಾಂಗರ್ ಆಯ್ಕೆಯಾದರು. ಅಮೆರಿಕದ ಈ ಮೂರೂ ಅಕಾಡೆಮಿಗಳಿಗೆ ಆಯ್ಕೆಯಾದಾಗ ಅವರ ವಯಸ್ಸು 43. ಅಷ್ಟು ಕಿರಿಯ ವಯಸ್ಸಿನಲ್ಲಿ ಆ ಗೌರವ ಪಡೆದವರಲ್ಲಿ ಅವರು ಮೊದಲಿಗರು. ಅವರಿಗೆ ಸಂದ ಪ್ರಮುಖ ಪ್ರಶಸ್ತಿಗಳು ಇವು:

* 1996: ಗೇರ್ಡ್ನರ್ ಪ್ರಶಸ್ತಿ
* 1998: ಲೆಮೆಲ್ಸನ್-ಎಂಐಟಿ ಪ್ರಶಸ್ತಿ
* 2002: ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ ಪ್ರಶಸ್ತಿ
* 2006: ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ
* 2008: ಫಿನ್ಲೆಂಡಿನ ಮಿಲೆನಿಯಮ್ ತಂತ್ರಜ್ಞಾನ ಪ್ರಶಸ್ತಿ
* 2011: ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಮತ್ತು ನಾವೀನ್ಯ ಪದಕ
* 2012: ಪ್ರೀಸ್ಟ್ಲಿ ಪದಕ
* 2013: ರಸಾಯನಶಾಸ್ತ್ರದಲ್ಲಿ ವುಲ್ಫ್ ಪ್ರಶಸ್ತಿ
* 2014: ಜೀವವಿಜ್ಞಾನದಲ್ಲಿ ಬ್ರೇಕ್‌ಥ್ರೂ ಪ್ರಶಸ್ತಿ, ಕ್ಯೋಟೋ ಪ್ರಶಸ್ತಿ
* 2015: ಇಂಜಿನಿಯರಿಂಗ್‌ಗಾಗಿ ರಾಣಿ ಎಲಿಜಬೆತ್ ಪ್ರಶಸ್ತಿ
* 2024: ನ್ಯಾನೋವಿಜ್ಞಾನದಲ್ಲಿ ಕಾವ್ಲಿ ಪ್ರಶಸ್ತಿ (ಪಾಲ್ ಅಲಿವಿಸಾಟೋಸ್ ಮತ್ತು ಚಾಡ್ ಮಿರ್ಕಿನ್ ಅವರೊಂದಿಗೆ)